ಪಕ್ಕದ ಪಾತ್ರಕ್ಕೆ ಸ್ವಂತ ಮನೆ ಸಿಕ್ಕಾಗ

2004ರ ಮೇ ತಿಂಗಳಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿ ಒಂದೇ ವಾರದ ಅಂತರದಲ್ಲಿ ತನ್ನ ಎರಡು ಹೆಸರಾಂತ ಹಾಸ್ಯ ಧಾರಾವಾಹಿಗಳಿಗೆ ಮಂಗಳ ಹಾಡಿತು. ಮೇ 6ರಂದು 'ಫ್ರೆಂಡ್ಸ್' ಮುಗಿಯಿತು, ಮೇ 13ರಂದು 'ಫ್ರೇಜರ್'. ಇದರಲ್ಲಿ 'ಫ್ರೇಜರ್' ಇನ್ನೊಂದು ಧಾರಾವಾಹಿಯ ಒಡಲಿನಿಂದ ಬಂದದ್ದು. 'ಚಿಯರ್ಸ್' ಎಂಬ ಹಾಸ್ಯ ಧಾರಾವಾಹಿಯ ಪೋಷಕ ಪಾತ್ರವೊಂದನ್ನು ಎತ್ತಿಕೊಂಡು ಕಟ್ಟಿದ ಕಥೆ ಅದು. ಹನ್ನೊಂದು ಸೀಸನ್, 264 ಕಂತು, 37 ಎಮ್ಮಿ ಪ್ರಶಸ್ತಿ ಅದರ ಗಳಿಕೆ. ಅದೇ ಸೆಪ್ಟೆಂಬರ್‌ನಲ್ಲಿ ಎನ್‌ಬಿಸಿ 'ಫ್ರೆಂಡ್ಸ್'ನ ಗುರುವಾರದ ವೇಳೆಗೆ 'ಜೋಯಿ'ಯನ್ನು ತಂದು ಕೂರಿಸಿತು. ಅದೂ ಸ್ಪಿನ್‌ಆಫ್. ಆರು ಗೆಳೆಯರಲ್ಲಿ ಒಬ್ಬನಾದ ಜೋಯಿ ನ್ಯೂಯಾರ್ಕ್ ಬಿಟ್ಟು ಲಾಸ್ ಏಂಜಲೀಸ್‌ಗೆ ಹೋಗಿ ನೆಲೆಸುವ ಕಥೆ. ಎರಡೇ ಸೀಸನ್‌ಗೆ ಅದು ನಿಂತಿತು. ಚಿತ್ರೀಕರಿಸಿದ 46 ಕಂತುಗಳಲ್ಲಿ ಕೊನೆಯ ಎಂಟು ಅಮೆರಿಕದಲ್ಲಿ ಪ್ರಸಾರವಾಗಲೇ ಇಲ್ಲ.

ವಾಹಿನಿ ಒಂದೇ, ಲೆಕ್ಕಾಚಾರ ಒಂದೇ, ಇಬ್ಬರೂ ಜನ ಮೆಚ್ಚಿದ ನಟರೇ. ಆದರೂ ಒಂದು ಮೂಲವನ್ನು ಸರಿಗಟ್ಟಿತು, ಇನ್ನೊಂದು ನೆಲಕಚ್ಚಿತು. ಇದನ್ನು ಅದೃಷ್ಟದ ಆಟವೆಂದು ಬಿಟ್ಟುಬಿಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ಎರಡೂ ಕಥೆಗಳನ್ನು ಕಟ್ಟಿದ ರೀತಿಯನ್ನು ಬಿಡಿಸಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ.

ಒಂದು ಧಾರಾವಾಹಿಯ ಪಾತ್ರವನ್ನೋ ಅದರ ಜಗತ್ತನ್ನೋ ತೆಗೆದುಕೊಂಡು ಬೇರೆಯದೇ ಧಾರಾವಾಹಿ ಕಟ್ಟಿದರೆ ಅದು ಸ್ಪಿನ್‌ಆಫ್. ಅದೇ ಕಥೆಯನ್ನು ಮುಂದಿನ ತಲೆಮಾರಿಗೆ ಒಯ್ದರೆ ಅದು ಮುಂದುವರಿಕೆ. ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ' ಎರಡು ದಶಕಗಳ ಮೇಲೆ 'ಮತ್ತೆ ಮಾಯಾಮೃಗ'ವಾಗಿ ಬಂದದ್ದು ಈ ಬಗೆಯದು. ನಮ್ಮ ವಾಹಿನಿಗಳು ಎರಡು ಧಾರಾವಾಹಿಗಳ ಕುಟುಂಬಗಳನ್ನು ಒಂದೇ ಮದುವೆ ಮನೆಯಲ್ಲೋ ಹಬ್ಬದಲ್ಲೋ ಸೇರಿಸಿ ನಡೆಸುವ 'ಮಹಾಸಂಗಮ'ವೂ ಸ್ಪಿನ್‌ಆಫ್ ಅಲ್ಲ. ಸಮಾರಂಭ ಮುಗಿದ ಮೇಲೆ ಇಬ್ಬರೂ ತಮ್ಮ ತಮ್ಮ ಕಥೆಗೆ ಮರಳುತ್ತಾರೆ. ಸ್ಪಿನ್‌ಆಫ್‌ನಲ್ಲಿ ಪಾತ್ರ ಮನೆ ಬಿಟ್ಟು ಹೋಗುತ್ತದೆ. ಅದಕ್ಕೆ ಬೇರೆ ಊರು, ಬೇರೆ ಜನ, ಬೇರೆ ಕಾಲ ಬೇಕಾಗುತ್ತದೆ.

ವಾಹಿನಿಗಳಿಗೆ ಇದು ಏಕೆ ಬೇಕು ಎಂಬುದರಲ್ಲಿ ಗುಟ್ಟೇನೂ ಇಲ್ಲ. ಹೊಸ ಧಾರಾವಾಹಿಯೊಂದನ್ನು ಜನರಿಗೆ ಪರಿಚಯಿಸುವುದು ದುಬಾರಿ ಕೆಲಸ, ಹೆಚ್ಚಿನವು ಮೊದಲ ವರ್ಷ ದಾಟುವುದಿಲ್ಲ. ಜನ ಆಗಲೇ ಪ್ರೀತಿಸಿದ ಮುಖವೊಂದು ಕೈಯಲ್ಲಿದ್ದರೆ ಅರ್ಧ ಪ್ರಚಾರ ಮುಗಿದಂತೆ. ಕೆಲವೊಮ್ಮೆ ಮೂಲ ಧಾರಾವಾಹಿಯ ಒಂದು ಕಂತನ್ನೇ ಹೊಸ ಪಾತ್ರಗಳಿಗೆ ಬಿಟ್ಟುಕೊಟ್ಟು, ಅದನ್ನೇ ಮುಂದಿನ ಧಾರಾವಾಹಿಯ ಮಾದರಿಯಾಗಿ ಬಳಸುವುದುಂಟು; ಉದ್ಯಮದವರು ಇದನ್ನು ಬ್ಯಾಕ್‌ಡೋರ್ ಪೈಲಟ್ ಎನ್ನುತ್ತಾರೆ. ಹಣದ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತೊಡಕು ಶುರುವಾಗುವುದು ಬರೆಯಲು ಕುಳಿತಾಗ.

ಪೋಷಕ ಪಾತ್ರವನ್ನು ಸೃಷ್ಟಿಸುವುದೇ ಇನ್ನೊಬ್ಬರ ಕಥೆಯ ಅಗತ್ಯಕ್ಕಾಗಿ. ನಾಯಕ ಒಂದು ಇಕ್ಕಟ್ಟಿನಲ್ಲಿದ್ದಾನೆ, ಅವನನ್ನು ಕೆಣಕಲು, ನಗಿಸಲು, ತಪ್ಪು ದಾರಿ ತೋರಿಸಲು ಒಬ್ಬರು ಬೇಕು. ಆ ಒಬ್ಬರು ಬಂದು, ಎರಡು ನಿಮಿಷ ಬೆಳಗಿ, ಹೊರಟುಹೋಗುತ್ತಾರೆ. ಅವರಿಗೆ ಸ್ವಂತದ ಕೊರತೆಯೊಂದು ಇರಬೇಕಾಗಿಲ್ಲ, ಅವರು ಬದಲಾಗಬೇಕಾಗಿಯೂ ಇಲ್ಲ. ಬದಲಾಗದಿರುವುದೇ ಅವರ ಸೊಗಸು. ಅಂಥವರನ್ನು ಮುಖ್ಯಪಾತ್ರವಾಗಿಸಿ ವರ್ಷಗಟ್ಟಲೆ ಕಥೆ ನಡೆಸಬೇಕೆಂದರೆ, ಮೂಲದಲ್ಲಿ ಇಲ್ಲದಿದ್ದ ಕೊರತೆಯೊಂದನ್ನು ಅವರೊಳಗೆ ಹುಡುಕಿ ತೆಗೆಯಬೇಕು, ಮೂಲದಲ್ಲಿ ಅವರು ಮಾಡುತ್ತಿದ್ದ ಕೆಲಸವನ್ನು ಬೇರೊಬ್ಬರಿಗೆ ಒಪ್ಪಿಸಬೇಕು. ಗೆದ್ದ ಸ್ಪಿನ್‌ಆಫ್‌ಗಳು ಈ ಎರಡನ್ನೂ ಮಾಡಿವೆ. ಸೋತವು ಪಾತ್ರವನ್ನು ಇದ್ದ ಹಾಗೆಯೇ ಎತ್ತಿ ಬೇರೆ ಕಡೆ ಇಟ್ಟಿವೆ.

'ಫ್ರೇಜರ್' ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಪಾಠ. 'ಚಿಯರ್ಸ್' 1982ರಿಂದ 1993ರವರೆಗೆ ನಡೆಯಿತು. ಬಾಸ್ಟನ್ ನಗರದ ಒಂದು ಬಾರ್, ಅಲ್ಲಿ ದಿನವೂ ಬಂದು ಕೂರುವ ಗಿರಾಕಿಗಳು, ಬಡಿಸುವವರು, ಮಾಲೀಕ ಸ್ಯಾಮ್. ಸ್ಯಾಮ್ ಮತ್ತು ಪರಿಚಾರಕಿ ಡಯಾನ್ ನಡುವಿನ ಪ್ರೇಮಕ್ಕೆ ಅಡ್ಡಿಯೊಂದು ಬೇಕಾಗಿತ್ತು. ಅದಕ್ಕಾಗಿ 1984ರಲ್ಲಿ, ಮೂರನೆಯ ಸೀಸನ್‌ನಲ್ಲಿ, ಮನೋವೈದ್ಯ ಫ್ರೇಜರ್ ಕ್ರೇನ್ ಬಂದ. ಕೆಲವೇ ಕಂತುಗಳಿಗೆಂದು ಬಂದವನು ಕೆಲ್ಸಿ ಗ್ರ್ಯಾಮರ್ ಎಂಬ ನಟನ ಬಲದಿಂದ ಅಲ್ಲೇ ಉಳಿದುಕೊಂಡ. ಬಾರ್‌ನಲ್ಲಿ ಅವನ ಕೆಲಸ ಒಂದೇ ಆಗಿತ್ತು: ಬಿಯರ್ ಕುಡಿಯುವ ಅಂಚೆಯವ, ಲೆಕ್ಕಿಗ, ಪರಿಚಾರಕಿಯರ ನಡುವೆ ಕುಳಿತು ಏನಾದರೂ ದೊಡ್ಡ ಮಾತಾಡುವುದು, ಮರುಕ್ಷಣವೇ ಅವರ ಒಂದು ಸಣ್ಣ ಮಾತಿಗೆ ಕೆಳಗಿಳಿಯುವುದು.

ಅವನಿಗೆ ಸ್ವಂತ ಧಾರಾವಾಹಿ ಕೊಡಬೇಕೆಂದಾಗ ಡೇವಿಡ್ ಏಂಜೆಲ್, ಪೀಟರ್ ಕೇಸಿ ಮತ್ತು ಡೇವಿಡ್ ಲೀ ಎಂಬ ಮೂವರು ಕೂತು ಯೋಚಿಸಿದರು. ಮೂವರೂ 'ಚಿಯರ್ಸ್'ನಲ್ಲಿ ದುಡಿದವರು, ಅದರ ಸೆಳೆತ ಎಷ್ಟೆಂದು ಬಲ್ಲವರು. ಕಥೆಯನ್ನು ಅವರು ದೇಶದ ಇನ್ನೊಂದು ತುದಿಯ ಸಿಯಾಟಲ್‌ಗೆ ಒಯ್ದರು. ಹಳೆಯ ಬಾರ್‌ನ ಗೆಳೆಯರನ್ನು ವಾರಕ್ಕೊಬ್ಬರಂತೆ ಕರೆಸಿ ಎಂದು ವಾಹಿನಿ ಒತ್ತಾಯಿಸದಿರಲಿ ಎಂಬ ಎಚ್ಚರ ಅದರಲ್ಲಿತ್ತು. ಫ್ರೇಜರ್ ಈಗ ರೇಡಿಯೊದಲ್ಲಿ ಜನರ ಮನಸ್ಸಿನ ತೊಂದರೆಗಳಿಗೆ ಸಲಹೆ ಕೊಡುವವನು.

ಜಾಣತನವಿರುವುದು ಮುಂದಿನ ಎರಡು ಹೆಜ್ಜೆಗಳಲ್ಲಿ. ಒಂದು, ತಂದೆ ಮಾರ್ಟಿನ್. ನಿವೃತ್ತ ಪೊಲೀಸ್, ಗುಂಡೇಟಿನಿಂದ ಸೊಂಟ ಪೆಟ್ಟಾಗಿ ಕೋಲು ಹಿಡಿದವನು, ಬಿಯರ್ ಮತ್ತು ಟಿವಿಯ ಪಂದ್ಯ ಇದ್ದರೆ ಅವನಿಗೆ ಸಾಕು. ಅವನು ತನ್ನ ನಾಯಿ ಎಡ್ಡಿ ಮತ್ತು ಟೇಪು ಸುತ್ತಿದ ಹಳೆಯ ಕುರ್ಚಿಯೊಂದಿಗೆ ಮಗನ ಅಂದದ ಮನೆಗೆ ಬಂದು ಬೀಡುಬಿಡುತ್ತಾನೆ. ಗಮನಿಸಿ: 'ಚಿಯರ್ಸ್'ನ ಇಡೀ ಬಾರ್ ಮಾಡುತ್ತಿದ್ದ ಕೆಲಸವನ್ನು, ಎಂದರೆ ಫ್ರೇಜರ್‌ನ ಗತ್ತನ್ನು ಇಳಿಸುವ ಕೆಲಸವನ್ನು, ಈಗ ಒಬ್ಬ ತಂದೆ ಮಾಡುತ್ತಾನೆ. ಬಾರ್‌ನ ಗೆಳೆಯರ ಕುಟುಕಿನಿಂದ ತಪ್ಪಿಸಿಕೊಳ್ಳಲು ಎದ್ದು ಮನೆಗೆ ಹೋಗಬಹುದು. ತಂದೆಯ ಕುಟುಕಿನಿಂದ ಎಲ್ಲಿಗೆ ಹೋಗುವುದು? ಹಾಸ್ಯದ ಬಗೆ ಹಾಗೆಯೇ ಉಳಿಯಿತು, ಆದರೆ ಅದರ ಕೆಳಗೆ ತಂದೆಯ ಮೆಚ್ಚುಗೆ ಸಿಗದ ಮಗನೊಬ್ಬನ ನೋವು ಬಂದು ಕೂತಿತು. ಮೂಲದಲ್ಲಿ ಆ ನೋವು ಇರಲಿಲ್ಲ. ಹನ್ನೊಂದು ವರ್ಷ ಧಾರಾವಾಹಿ ನಿಂತದ್ದು ಅದರ ಮೇಲೆ.

ಎರಡನೆಯದು ತಮ್ಮ ನೈಲ್ಸ್. ಮೊದಲ ಯೋಜನೆಯಲ್ಲಿ ತಮ್ಮನೇ ಇರಲಿಲ್ಲ. ಡೇವಿಡ್ ಹೈಡ್ ಪಿಯರ್ಸ್ ಎಂಬ ನಟನ ಚಿತ್ರ ನೋಡಿ, ಎಳೆಯ ವಯಸ್ಸಿನ ಗ್ರ್ಯಾಮರ್‌ನನ್ನೇ ಹೋಲುತ್ತಾನಲ್ಲ ಎಂದು ಪಾತ್ರವನ್ನು ಸೃಷ್ಟಿಸಿದರು. ನೈಲ್ಸ್ ಅಣ್ಣನಿಗಿಂತ ಹೆಚ್ಚು ನಾಜೂಕಿನವನು, ಹೆಚ್ಚು ಗತ್ತಿನವನು. ಇದರಿಂದ ಫ್ರೇಜರ್ ತಾನಾಗಿ ನಡುವಿನವನಾದ: ಒಂದು ಕಡೆ ಸರಳ ತಂದೆ, ಇನ್ನೊಂದು ಕಡೆ ಅತಿ ನಾಜೂಕಿನ ತಮ್ಮ, ಮಧ್ಯೆ ಇಬ್ಬರ ಭಾಷೆಯನ್ನೂ ಅರ್ಧರ್ಧ ಬಲ್ಲ ಮನುಷ್ಯ. 'ಚಿಯರ್ಸ್'ನಲ್ಲಿ ಅಂಚಿನಲ್ಲಿದ್ದವನನ್ನು ನಾವು ಇಲ್ಲಿ ನಮ್ಮವನೆಂದು ಒಪ್ಪುವುದು ಈ ಕಾರಣಕ್ಕೆ. ಸ್ವಭಾವ ಒಂದಿಷ್ಟೂ ಬದಲಾಗಿಲ್ಲ. ಸುತ್ತಲಿನವರನ್ನು ಬದಲಿಸಿ ಅವನ ಸ್ಥಾನವನ್ನು ಬದಲಿಸಿದರು. ಬರವಣಿಗೆಯಲ್ಲಿ ಇಷ್ಟು ಶುದ್ಧವಾದ ಕುಶಲತೆ ಕಾಣುವುದು ಅಪರೂಪ ಎಂದು ನಾನು ನಂಬುತ್ತೇನೆ.

ಅದೇ 'ಚಿಯರ್ಸ್'ನಿಂದ 1987ರಲ್ಲಿ ಇನ್ನೊಂದು ಸ್ಪಿನ್‌ಆಫ್ ಬಂದಿತ್ತು, 'ದ ಟಾರ್ಟೆಲಿಸ್'. ಪರಿಚಾರಕಿ ಕಾರ್ಲಾಳ ಮಾಜಿ ಗಂಡ ನಿಕ್ ಮತ್ತು ಅವನ ಹೊಸ ಹೆಂಡತಿ ಲಾಸ್ ವೇಗಸ್‌ನಲ್ಲಿ ಸಂಸಾರ ಹೂಡುವ ಕಥೆ. ನಿಕ್ ನಗು ತರಿಸುತ್ತಿದ್ದುದು ಕಾರ್ಲಾಳ ಸಿಟ್ಟಿನ ಎದುರು. ಸಿಟ್ಟಾಗುವವಳನ್ನು ಬಾಸ್ಟನ್‌ನಲ್ಲೇ ಬಿಟ್ಟು ಸಿಟ್ಟು ಬರಿಸುವವನನ್ನು ಮಾತ್ರ ಒಯ್ದರು. ಹದಿಮೂರು ಕಂತಿಗೆ ಮುಗಿಯಿತು.

'ಜೋಯಿ'ಯ ಕಥೆಯೂ ಇದೇ. 'ಫ್ರೆಂಡ್ಸ್'ನಲ್ಲಿ ಜೋಯಿಯ ಪೆದ್ದುತನ ಮುದ್ದಾಗಿ ಕಂಡದ್ದು ಐದು ಜನರ ಪ್ರತಿಕ್ರಿಯೆಯಿಂದ. ಚಾಂಡ್ಲರ್‌ನ ಒಂದು ನೋಟ, ಮೋನಿಕಾಳ ನಿಟ್ಟುಸಿರು, ರಾಸ್‌ನ ತಿದ್ದುಪಡಿ ಸೇರಿದಾಗ ಅದು ಹಾಸ್ಯವಾಗುತ್ತಿತ್ತು. ಲಾಸ್ ಏಂಜಲೀಸ್‌ನಲ್ಲಿ ಅವನಿಗೆ ಅಕ್ಕ ಸಿಕ್ಕಳು, ಬುದ್ಧಿವಂತ ಸೋದರಳಿಯ ಸಿಕ್ಕ, ಆದರೆ ಹೊಸ ಪ್ರಶ್ನೆಯೊಂದು ಸಿಗಲಿಲ್ಲ. ಅವನು ಮೊದಲೂ ಅವಕಾಶ ಹುಡುಕುವ ನಟ, ಈಗಲೂ ಅದೇ. ಹತ್ತು ವರ್ಷ ತನ್ನನ್ನು ಸಲಹಿದ ಗೆಳೆಯರ ಗುಂಪು ಚದುರಿ, ಎಲ್ಲರೂ ಸಂಸಾರ ಕಟ್ಟಿಕೊಂಡು, ತಾನೊಬ್ಬನೇ ಉಳಿದ ಮನುಷ್ಯನ ಒಂಟಿತನ ಅಲ್ಲೇ ಕಣ್ಣೆದುರಿಗಿತ್ತು. ಅದರಲ್ಲಿ ನಗುವೂ ಇತ್ತು, ಸಂಕಟವೂ ಇತ್ತು. ಅದನ್ನು ಮುಟ್ಟುವ ಧೈರ್ಯ ಆ ಧಾರಾವಾಹಿಗೆ ಸಾಲಲಿಲ್ಲ ಎಂಬುದು ನನ್ನ ನಿಜವಾದ ಬೇಸರ. ನಟ ಮ್ಯಾಟ್ ಲೆಬ್ಲಾಂಕ್‌ನಲ್ಲಿ ಕೊರತೆ ಇರಲಿಲ್ಲ.

ಪಾತ್ರಗಳನ್ನು ಉಳಿಸಿಕೊಂಡು ಅವರನ್ನು ಒಟ್ಟಿಗೆ ಹಿಡಿದಿಟ್ಟ ಸನ್ನಿವೇಶವನ್ನು ಕಳೆದುಕೊಂಡರೂ ಇದೇ ಗತಿ. ಕೊರಿಯಾ ಯುದ್ಧದ ಸಂಚಾರಿ ಆಸ್ಪತ್ರೆಯೊಂದರ ಕಥೆ ಹೇಳಿದ 'ಮ್ಯಾಶ್' 1983ರ ಫೆಬ್ರವರಿ 28ರಂದು ಮುಗಿದಾಗ ಅಮೆರಿಕದಲ್ಲಿ ಹತ್ತು ಕೋಟಿಗೂ ಹೆಚ್ಚು ಜನ ಕೊನೆಯ ಕಂತನ್ನು ನೋಡಿದರು. ಅದೇ ಸೆಪ್ಟೆಂಬರ್‌ನಲ್ಲಿ 'ಆಫ್ಟರ್‌ಮ್ಯಾಶ್' ಶುರುವಾಯಿತು. ಮೂಲದ ಮೂವರು, ಕರ್ನಲ್ ಪಾಟರ್, ಕ್ಲಿಂಗರ್ ಮತ್ತು ಫಾದರ್ ಮಲ್ಕೇಹಿ, ಯುದ್ಧ ಮುಗಿದ ಮೇಲೆ ಮಿಸೌರಿಯ ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ಸೇರುತ್ತಾರೆ. ಆರಂಭದಲ್ಲಿ ಜನ ಚೆನ್ನಾಗಿಯೇ ನೋಡಿದರು. ಆದರೆ ಸಾವು ಬಾಗಿಲಲ್ಲೇ ನಿಂತಿದ್ದ ಕಡೆ ಆ ಮೂವರ ತಮಾಷೆಗೆ ಒಂದು ತುರ್ತು ಇತ್ತು. ಊರಿನ ಆಸ್ಪತ್ರೆಯ ಕಡತಗಳ ನಡುವೆ ಆ ತುರ್ತು ಹೋಯಿತು. ಎರಡನೆಯ ಸೀಸನ್ ಪೂರ್ತಿಯಾಗಲಿಲ್ಲ.

ಇನ್ನು 1970ರ ದಶಕದಲ್ಲಿ ನಿರ್ಮಾಪಕ ನಾರ್ಮನ್ ಲಿಯರ್ ಸ್ಪಿನ್‌ಆಫ್ ಕಟ್ಟುವುದನ್ನೇ ಒಂದು ಕಾರ್ಯವಿಧಾನವಾಗಿ ಮಾಡಿಕೊಂಡಿದ್ದರು. ಅವರ 'ಆಲ್ ಇನ್ ದ ಫ್ಯಾಮಿಲಿ'ಯ ಆರ್ಚಿ ಬಂಕರ್ ಕರಿಯರ ಬಗ್ಗೆ ಪೂರ್ವಗ್ರಹ ತುಂಬಿಕೊಂಡ ಬಿಳಿಯ ಕಾರ್ಮಿಕ. ಅವನ ಪಕ್ಕದ ಮನೆಯ ಕರಿಯ ಕುಟುಂಬದ ಜಾರ್ಜ್ ಜೆಫರ್ಸನ್ ಬಟ್ಟೆ ಒಗೆಯುವ ಅಂಗಡಿಗಳಿಂದ ಹಣ ಮಾಡಿ 1975ರಲ್ಲಿ ಮ್ಯಾನ್‌ಹಟನ್‌ನ ಬಹುಮಹಡಿ ಕಟ್ಟಡಕ್ಕೆ ಮನೆ ಬದಲಿಸಿದ. ಅಲ್ಲಿಂದ 'ದ ಜೆಫರ್ಸನ್ಸ್' ಶುರು. ಜಾರ್ಜ್‌ಗೂ ಪೂರ್ವಗ್ರಹಗಳಿದ್ದವು. ಮೇಲಿನ ಮಹಡಿಯಲ್ಲಿ ಬಿಳಿಯ ಗಂಡ, ಕರಿಯ ಹೆಂಡತಿಯ ಸಂಸಾರವನ್ನು ಇಟ್ಟು, ಇಷ್ಟು ದಿನ ಆರ್ಚಿಗೆ ಎದುರು ನಿಂತವನನ್ನೇ ಆರ್ಚಿಯ ಸ್ಥಾನದಲ್ಲಿ ನಿಲ್ಲಿಸಿದರು. 253 ಕಂತು, ಹನ್ನೊಂದು ಸೀಸನ್. ಮೂಲಕ್ಕಿಂತ ಎರಡು ಸೀಸನ್ ಹೆಚ್ಚು.

ಹಿಂದಿನ ಕಾಲಕ್ಕೆ ಹೋಗುವ ಸ್ಪಿನ್‌ಆಫ್‌ನ ಕಷ್ಟ ಇನ್ನೂ ಒಂದು ಪಟ್ಟು ಹೆಚ್ಚು, ಏಕೆಂದರೆ ಕೊನೆ ಎಲ್ಲರಿಗೂ ಗೊತ್ತು. ಪಾತ್ರ ಸಾಯುವುದಿಲ್ಲ, ಮುಂದೆ ಏನಾಗುತ್ತಾನೆಂಬುದೂ ತಿಳಿದಿದೆ. ಹಾಗಿರುವಾಗ ಆರು ಸೀಸನ್ ಏಕೆ ನೋಡಬೇಕು? 'ಬೆಟರ್ ಕಾಲ್ ಸಾಲ್' ಇದಕ್ಕೆ ಕೊಟ್ಟ ಉತ್ತರವನ್ನು ಕಥೆ ಬರೆಯುವ ಯಾರಾದರೂ ಕೂತು ಓದಬೇಕು. ಮುಂದಿನ ಸಾಲುಗಳಲ್ಲಿ ಕಥೆಯ ತಿರುವುಗಳಿವೆ, ನೋಡದವರು ಎಚ್ಚರವಹಿಸಬಹುದು.

'ಬ್ರೇಕಿಂಗ್ ಬ್ಯಾಡ್' 2008ರಿಂದ 2013ರವರೆಗೆ ಎಎಂಸಿ ವಾಹಿನಿಯಲ್ಲಿ ಬಂತು, 62 ಕಂತು. ಮಾದಕ ದ್ರವ್ಯ ತಯಾರಿಸಲು ಇಳಿದ ರಸಾಯನಶಾಸ್ತ್ರದ ಮೇಷ್ಟ್ರು ವಾಲ್ಟರ್ ವೈಟ್‌ಗೆ ಕಾನೂನಿನ ಸಂದಿಗೊಂದಿ ಬಲ್ಲ ಒಬ್ಬ ವಕೀಲ ಬೇಕಾಗಿತ್ತು. 2009ರಲ್ಲಿ, ಎರಡನೆಯ ಸೀಸನ್‌ನಲ್ಲಿ, ಬಣ್ಣಬಣ್ಣದ ಸೂಟು ತೊಟ್ಟ ಸಾಲ್ ಗುಡ್‌ಮನ್ ಬಂದ. ಕತ್ತಲು ಕವಿದ ಕಥೆಯಲ್ಲಿ ಒಂದಿಷ್ಟು ನಗು ತರುವುದು, ಇಕ್ಕಟ್ಟಿನಿಂದ ಪಾರುಮಾಡುವುದು ಅವನ ಕೆಲಸ. ಅವನಿಗೆ ನಾಚಿಕೆ ಇಲ್ಲ, ಪಶ್ಚಾತ್ತಾಪ ಇಲ್ಲ, ಮನೆ ಇದ್ದಂತೆಯೂ ಕಾಣಲಿಲ್ಲ. ಆ ಪಾತ್ರದ ಮೊದಲ ಕಂತನ್ನು ಬರೆದ ಪೀಟರ್ ಗೂಲ್ಡ್ ಮತ್ತು ಮೂಲದ ಸೃಷ್ಟಿಕರ್ತ ವಿನ್ಸ್ ಗಿಲಿಗನ್ ಸೇರಿ ಸ್ಪಿನ್‌ಆಫ್ ಮಾಡಹೊರಟಾಗ ಅರ್ಧ ಗಂಟೆಯ ಹಾಸ್ಯ ಧಾರಾವಾಹಿಯ ಯೋಚನೆಯೂ ಇತ್ತು. ವಾರಕ್ಕೊಬ್ಬ ವಿಚಿತ್ರ ಕಕ್ಷಿದಾರ, ವಾರಕ್ಕೊಂದು ತಂತ್ರ. ಹಾಗೆ ಮಾಡಿದ್ದರೆ ಅದು ಇನ್ನೊಂದು 'ಜೋಯಿ' ಆಗುವ ಅಪಾಯವಿತ್ತು.

ಅವರು ಕೇಳಿಕೊಂಡ ಪ್ರಶ್ನೆ ಬೇರೆ: ಒಬ್ಬ ಮನುಷ್ಯ ಇಷ್ಟು ನಾಚಿಕೆಗೆಟ್ಟವನಾಗಬೇಕಾದರೆ ಅವನು ಏನನ್ನು ಕಳೆದುಕೊಂಡಿರಬೇಕು? ಸಾಲ್ ತನ್ನ ನಿಜವಾದ ಹೆಸರು ಮೆಕ್‌ಗಿಲ್ ಎಂದು ಮೂಲದಲ್ಲಿ ಒಮ್ಮೆ ಹೇಳಿದ್ದ. ಆ ಎಳೆ ಹಿಡಿದು 2002ರ ಆಲ್ಬುಕರ್ಕಿಯಲ್ಲಿ ಜಿಮ್ಮಿ ಮೆಕ್‌ಗಿಲ್‌ನನ್ನು ತೋರಿಸಿದರು. ಅಂಚೆ ಶಿಕ್ಷಣದಲ್ಲಿ ಕಾನೂನು ಪದವಿ ಪಡೆದ, ನೈಲ್ ಸಲೂನ್‌ನ ಹಿಂದಿನ ಕೋಣೆಯಲ್ಲಿ ಕಚೇರಿ ಇಟ್ಟುಕೊಂಡ ಬಡ ವಕೀಲ. ಅಣ್ಣ ಚಕ್ ನಗರದ ಘನ ನ್ಯಾಯವಾದಿ. ವಿದ್ಯುತ್ತು ತನ್ನ ದೇಹಕ್ಕೆ ಆಗದೆಂದು ನಂಬಿ ದೀಪವಿಲ್ಲದ ಮನೆಯಲ್ಲಿ ಕೂತಿರುವವನು. ತಮ್ಮ ದಿನವೂ ಅವನಿಗೆ ದಿನಸಿ ತಂದುಕೊಟ್ಟು ಆರೈಕೆ ಮಾಡುತ್ತಾನೆ. ತನ್ನನ್ನು ಅಣ್ಣನ ವಕೀಲಿ ಸಂಸ್ಥೆಯೊಳಗೆ ಸೇರಿಸದಂತೆ ತಡೆದವನು ಆ ಅಣ್ಣನೇ ಎಂದು ಮೊದಲ ಸೀಸನ್‌ನ ಕೊನೆಯ ಹೊತ್ತಿಗೆ ಅವನಿಗೆ ತಿಳಿಯುತ್ತದೆ. ಸಾಲ್‌ನ ಎಲ್ಲ ಗದ್ದಲದ ಹಿಂದೆ ಅಣ್ಣನ ಗೌರವಕ್ಕೆ ಹಸಿದ ತಮ್ಮನೊಬ್ಬ ಇದ್ದ ಎಂದು ಗೊತ್ತಾದ ಮೇಲೆ 'ಬ್ರೇಕಿಂಗ್ ಬ್ಯಾಡ್'ನ ಅದೇ ದೃಶ್ಯಗಳು ಬೇರೆಯಾಗಿ ಕಾಣುತ್ತವೆ. ನಗು ಬರುತ್ತಿದ್ದ ಕಡೆ ಎದೆ ಭಾರವಾಗುತ್ತದೆ.

ಕೊನೆ ಗೊತ್ತಿದ್ದೂ ಕುತೂಹಲ ಉಳಿಸಿದ್ದು ಕಿಮ್ ವೆಕ್ಸ್‌ಲರ್. ಜಿಮ್ಮಿಯ ಗೆಳತಿ, ಅವನಿಗಿಂತ ಸಮರ್ಥ ವಕೀಲೆ. 'ಬ್ರೇಕಿಂಗ್ ಬ್ಯಾಡ್'ನಲ್ಲಿ ಅವಳ ಹೆಸರೇ ಇಲ್ಲ. ಹೀಗಾಗಿ ಅವಳು ಪರದೆಗೆ ಬಂದಾಗಲೆಲ್ಲ ನೋಡುಗ ಒಂದೇ ಲೆಕ್ಕ ಹಾಕುತ್ತಾನೆ: ಇವಳು ಎಲ್ಲಿ ಹೋದಳು? ಸತ್ತಳೇ, ಬಿಟ್ಟುಹೋದಳೇ, ಕೆಟ್ಟಳೇ? ಮೂಲದ ಮೌನವನ್ನೇ ಭಯವಾಗಿ ಬಳಸಿಕೊಂಡದ್ದು ಇಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಸಾಧನೆಯಾಗಿ ಕಾಣುತ್ತದೆ. ಜಿಮ್ಮಿಯನ್ನು ಬೇಗನೆ ಸಾಲ್ ಆಗಿಸುವ ಉದ್ದೇಶ ಬರಹಗಾರರಿಗೆ ಮೊದಲು ಇತ್ತು. ಜಿಮ್ಮಿಯ ಮೇಲೆ ಅವರಿಗೇ ಮಮತೆ ಬೆಳೆದು, ಅವನು ಸಾಲ್ ಗುಡ್‌ಮನ್ ಎಂಬ ಹೆಸರಿನಲ್ಲಿ ವಕೀಲಿ ನಡೆಸಲು ನಿರ್ಧರಿಸುವುದು ನಾಲ್ಕನೆಯ ಸೀಸನ್‌ನ ಕೊನೆಯಲ್ಲಿ. ಅವಸರಪಡದ ಆ ನಾಲ್ಕು ವರ್ಷಗಳೇ ಧಾರಾವಾಹಿಯ ಜೀವ.

ಮೂಲದ ಸಣ್ಣ ಚೂರುಗಳನ್ನು ಅವರು ಎಷ್ಟು ಗೌರವದಿಂದ ಹೆಕ್ಕಿದರೆಂಬುದಕ್ಕೆ ಒಂದೇ ಉದಾಹರಣೆ ಸಾಕು. 2009ರ ಆ ಮೊದಲ ಕಂತಿನಲ್ಲಿ ವಾಲ್ಟರ್ ಮತ್ತು ಅವನ ಜೊತೆಗಾರ ಜೆಸ್ಸಿ ಮುಸುಕು ಹಾಕಿಕೊಂಡು ಸಾಲ್‌ನನ್ನು ಮರುಭೂಮಿಗೆ ಹೊತ್ತೊಯ್ದಾಗ, ಅವನು ಹೆದರಿ ಇಗ್ನಾಸಿಯೊ, ಲಾಲೊ ಎಂಬ ಎರಡು ಹೆಸರು ಬಡಬಡಿಸುತ್ತಾನೆ. ಆ ಹೆಸರುಗಳ ಹಿಂದೆ ಆಗ ಯಾವ ಕಥೆಯೂ ಇರಲಿಲ್ಲ. ಸ್ಪಿನ್‌ಆಫ್‌ನಲ್ಲಿ ಇಗ್ನಾಸಿಯೊ 'ನಾಚೊ' ಆಗಿ ಮೊದಲ ಸೀಸನ್‌ನಿಂದಲೇ ಇದ್ದಾನೆ. ಲಾಲೊ 2018ರಲ್ಲಿ ನಗುನಗುತ್ತ ಪರದೆಗೆ ಬಂದು ಆ ಜಗತ್ತಿನ ಅತಿ ಭಯಂಕರ ಮನುಷ್ಯನಾಗುತ್ತಾನೆ. ಇನ್ನೊಂದು ಮುಖ್ಯ ಪಾತ್ರ ಮೈಕ್ ಹುಟ್ಟಿದ್ದೂ ಆಕಸ್ಮಿಕವಾಗಿ: ಮೂಲದ ಒಂದು ಕಂತಿಗೆ ಸಾಲ್ ಪಾತ್ರಧಾರಿ ಬಾಬ್ ಓಡನ್‌ಕರ್ಕ್ ಬೇರೆ ಚಿತ್ರೀಕರಣದಿಂದ ಬಿಡುವಾಗಿ ಬರಲಾಗದ್ದಕ್ಕೆ ಅವನ ಬದಲು ಬಂದವನು ಮೈಕ್.

ಮೂಲ ಹೇಳಿದ್ದಕ್ಕೆ ಸ್ಪಿನ್‌ಆಫ್ ವಿರುದ್ಧವಾದರೆ ಏನು ಗತಿ ಎಂದು ಅಭಿಮಾನಿಗಳು ಜಗಳವಾಡುವುದುಂಟು. 'ಚಿಯರ್ಸ್'ನಲ್ಲಿ ಫ್ರೇಜರ್ ತನ್ನ ತಂದೆ ವಿಜ್ಞಾನಿಯಾಗಿದ್ದು ತೀರಿಕೊಂಡರು ಎಂದಿದ್ದ. ಸಿಯಾಟಲ್‌ನಲ್ಲಿ ತಂದೆ ಜೀವಂತ, ಅದೂ ಪೊಲೀಸ್. 1995ರಲ್ಲಿ ಸ್ಯಾಮ್ ಅತಿಥಿಯಾಗಿ ಬಂದಾಗ ಈ ಮಾತು ಎದ್ದು, ಆಗ ತಂದೆಯೊಂದಿಗೆ ಜಗಳವಾಗಿತ್ತು, ಹಾಗಾಗಿ ಹಾಗೆ ಹೇಳಿದೆ ಎಂದು ಫ್ರೇಜರ್ ಒಪ್ಪಿಕೊಳ್ಳುತ್ತಾನೆ. ಬರಹಗಾರರ ತೊಡಕು ಪಾತ್ರದ ಗಾಯವಾಯಿತು. 'ದ ಬಿಗ್ ಬ್ಯಾಂಗ್ ಥಿಯರಿ'ಯ ಶೆಲ್ಡನ್ ತನ್ನ ತಂದೆಯನ್ನು ಕುಡುಕ, ದ್ರೋಹಿ ಎಂಬಂತೆ ನೆನೆಯುತ್ತಾನೆ. 2017ರಿಂದ 2024ರವರೆಗೆ ನಡೆದ 'ಯಂಗ್ ಶೆಲ್ಡನ್'ನಲ್ಲಿ ಆ ತಂದೆ ದಣಿದ, ಒಳ್ಳೆಯ ಮನುಷ್ಯ. ಬಾಲಕ ಶೆಲ್ಡನ್ ಬಾಗಿಲು ತೆರೆದು ತಂದೆಯ ಜೊತೆ ಕಂಡ ಪರಸ್ತ್ರೀ, ಕೃತಕ ಕೂದಲು ತೊಟ್ಟ ಅವನ ತಾಯಿಯೇ ಆಗಿದ್ದಳು ಎಂದು ಕೊನೆಯ ಸೀಸನ್ ತೋರಿಸುತ್ತದೆ. ಪಾತ್ರವೊಂದು ತನ್ನ ಹಿಂದಿನ ಬದುಕಿನ ಬಗ್ಗೆ ಆಡುವ ಮಾತು ಅದರ ಹೇಳಿಕೆಯಷ್ಟೇ. ಅದು ತಪ್ಪಾಗಿರಬಹುದು, ಸುಳ್ಳೂ ಆಗಿರಬಹುದು. ಸಂಖ್ಯೆ, ದಿನಾಂಕಗಳ ಹೊಂದಿಕೆಗಿಂತ ಆ ಸುಳ್ಳಿಗೊಂದು ಕಾರಣ ಸಿಗುವುದು ಮುಖ್ಯ.

'ಲಾ ಅಂಡ್ ಆರ್ಡರ್' ಬಳಗದಂಥವನ್ನು ನಾನು ಈ ಚರ್ಚೆಯಿಂದ ಹೊರಗಿಡುತ್ತೇನೆ. ಅದರ 'ಸ್ಪೆಷಲ್ ವಿಕ್ಟಿಮ್ಸ್ ಯೂನಿಟ್' 1999ರಿಂದ ನಡೆಯುತ್ತಲೇ ಇದೆ. ಅಲ್ಲಿ ಮೂಲದಿಂದ ಮುಖ್ಯವಾಗಿ ಒಯ್ದದ್ದು ಒಂದು ಚೌಕಟ್ಟನ್ನು, ವಾರಕ್ಕೊಂದು ಅಪರಾಧ, ತನಿಖೆ, ನ್ಯಾಯಾಲಯ.

ಹಾಗಾದರೆ ಸರಿಗಟ್ಟುವುದನ್ನು ಅಳೆಯುವುದು ಹೇಗೆ? ಪ್ರಶಸ್ತಿಗಳಿಂದ ಎನ್ನುವಂತಿಲ್ಲ. 'ಫ್ರೇಜರ್'ಗೆ 37 ಎಮ್ಮಿ, 'ಚಿಯರ್ಸ್'ಗೆ 28. ಆದರೆ 'ಬ್ರೇಕಿಂಗ್ ಬ್ಯಾಡ್'ಗೆ 16 ಎಮ್ಮಿ ಕೊಟ್ಟವರು 'ಬೆಟರ್ ಕಾಲ್ ಸಾಲ್'ಗೆ 53 ನಾಮನಿರ್ದೇಶನ ಕೊಟ್ಟು ಒಂದೂ ಪ್ರಶಸ್ತಿ ಕೊಡಲಿಲ್ಲ. ಇದು ಅನ್ಯಾಯ ಎಂದು ನೇರವಾಗಿಯೇ ಹೇಳುತ್ತೇನೆ. ಕಿಮ್ ಪಾತ್ರದಲ್ಲಿ ರಿಯಾ ಸೀಹಾರ್ನ್ ಮಾಡಿದ ಕೆಲಸ ಒಂದಕ್ಕೇ ಆ ಪ್ರಶಸ್ತಿ ಸಲ್ಲಬೇಕಿತ್ತು. ನನ್ನ ಅಳತೆ ಒಂದೇ. ಮೂಲವನ್ನು ನೋಡದವರೂ ಸ್ಪಿನ್‌ಆಫ್ ಅನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ತೃಪ್ತಿಪಡಬಲ್ಲರೇ? ನೋಡಿದವರಿಗೆ ಮೂಲ ಇನ್ನಷ್ಟು ಆಳವಾಗಿ ಕಾಣುತ್ತದೆಯೇ? ಎರಡಕ್ಕೂ ಹೌದು ಎನ್ನಿಸಿಕೊಂಡವು ಕೆಲವೇ.

ಸೂತ್ರ ಗೊತ್ತಾದ ಮಾತ್ರಕ್ಕೆ ಫಲ ಸಿಗುವುದಿಲ್ಲ ಎಂಬುದನ್ನು ಸ್ವತಃ ಫ್ರೇಜರ್ ತೋರಿಸಿಕೊಟ್ಟ. 2023ರ ಅಕ್ಟೋಬರ್‌ನಲ್ಲಿ ಪ್ಯಾರಾಮೌಂಟ್ ಪ್ಲಸ್ ಎಂಬ ಆನ್‌ಲೈನ್ ವೇದಿಕೆ ಅವನನ್ನು ಬಾಸ್ಟನ್‌ಗೆ ಮರಳಿ ಕರೆತಂದಿತು. ಮಾರ್ಟಿನ್ ಪಾತ್ರ ಮಾಡಿದ ಜಾನ್ ಮಹೋನಿ 2018ರಲ್ಲಿ ತೀರಿಕೊಂಡಿದ್ದರು. ನೈಲ್ಸ್ ಆಗಿ ಮರಳಲು ಪಿಯರ್ಸ್ ಒಪ್ಪಲಿಲ್ಲ. ಬರಹಗಾರರು ಹಳೆಯ ನಕ್ಷೆಯನ್ನೇ ತಿರುವಿಹಾಕಿದರು: ಫ್ರೇಜರ್ ಈಗ ತಂದೆ, ಓದು ಬಿಟ್ಟು ಅಗ್ನಿಶಾಮಕ ದಳ ಸೇರಿದ ಸರಳ ಮನುಷ್ಯ ಮಗ ಫ್ರೆಡ್ಡಿ. ಕಾಗದದ ಮೇಲೆ ಸಮತೋಲನ ಸರಿಯಾಗಿಯೇ ಇತ್ತು. ಆದರೆ ಈ ಫ್ರೇಜರ್ ಹನ್ನೊಂದು ವರ್ಷಗಳಲ್ಲಿ ತನ್ನ ತಂದೆಯೊಂದಿಗಿನ ಲೆಕ್ಕವನ್ನು ಚುಕ್ತಾ ಮಾಡಿಕೊಂಡವನು, ಸರಳ ಜನರನ್ನು ಪ್ರೀತಿಸಲು ಕಲಿತವನು. ಅವನಲ್ಲಿ ತುಂಬಬೇಕಾದ ಕೊರತೆ ಉಳಿದಿರಲಿಲ್ಲ. ಮಗನೊಂದಿಗಿನ ಮುನಿಸು ಹಳೆಯದರ ಪ್ರತಿಯಂತೆ ಕಂಡಿತು. ಹತ್ತು ಹತ್ತು ಕಂತುಗಳ ಎರಡು ಸೀಸನ್ ಆದ ಮೇಲೆ 2025ರ ಜನವರಿಯಲ್ಲಿ ಅದನ್ನು ನಿಲ್ಲಿಸಿದರು.